ಹಳೇ ಎಂಜಿಬಿಗೆ ಯಾವ ಆಯಿಲ್ ಫಿಲ್ಟರ್? ಮೂರು ಬಗೆಯನ್ನೂ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರು ಎಂಜಿಬಿಯನ್ನು ನಿಜವಾಗಿ ರಸ್ತೆಗೆ ಇಳಿಸುವವರು ಅಡಾಪ್ಟರ್ ಹಾಕಿಸಿ, ಕೆಳಮುಖವಾಗಿ ತೂಗುವ ಸ್ಕ್ರೂ ಟೈಪ್ ಫಿಲ್ಟರ್ ಬಳಸಿ. ನನ್ನ ಗಾಡಿಯಲ್ಲಿ ಈಗ ಇರುವುದು ಅದೇ. ಇನ್ನು ಬೇರೆಯದಕ್ಕೆ ಹೋಗುವ ಯೋಚನೆ ನನಗಿಲ್ಲ.

ನನ್ನದು 1966ರ ಗಾಡಿ. ಕೊಡಗಿನ ಕಾಫಿ ತೋಟವೊಂದರಲ್ಲಿ ಇದ್ದದ್ದು, ಈಗ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟದ ಪಕ್ಕದ ಶೆಡ್ಡಿನಲ್ಲಿದೆ. ಇಂಜಿನ್ 1798 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಬಿ-ಸೀರೀಸ್. ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಇಂಜಿನ್ ಕೂಡ ಇದೇ ಕುಟುಂಬದ್ದು. ಹಾಗಾಗಿ ನಮ್ಮ ಕಡೆ ಇದಕ್ಕೆ ಕೈ ಹಾಕುವ ಮೆಕ್ಯಾನಿಕ್ ಸಿಗುವುದು ಅಷ್ಟೇನೂ ಕಷ್ಟವಲ್ಲ. ಕೇರಳದಲ್ಲಿ ಅಂಬಾಸಿಡರ್ ಟ್ಯಾಕ್ಸಿ ನೋಡಿಕೊಂಡು ತಲೆ ನರೆತವರು ಇನ್ನೂ ಇದ್ದಾರೆ. ನಾನು ಹೋಗುವುದು ಅಂಥವರೊಬ್ಬರ ಹತ್ತಿರ. ಬಾನೆಟ್ ತೆಗೆದ ಕೂಡಲೇ ಅವರು ಹೇಳಿದ್ದು, "ಭಟ್ರೇ, ಇದು ನಮ್ಮ ಅಂಬಾಸಿಡರ್ ಇಂಜಿನ್‌ನ ಅಣ್ಣ ಅಲ್ವಾ!"

ಹೋಲಿಕೆ ಮೂರು ಬಗೆಯ ನಡುವೆ. ಒಂದು, ಗಾಡಿಯ ಜೊತೆಗೇ ಬಂದ ಕಬ್ಬಿಣದ ಡಬ್ಬಿ, ಅದರೊಳಗೆ ಆಯಿಲ್ ಸೋಸುವ ಪೇಪರ್ ಎಲಿಮೆಂಟ್. ಎರಡು, ಡಬ್ಬಿಯ ಜಾಗದಲ್ಲಿ ಅಡಾಪ್ಟರ್ ಹಾಕಿ ಅದಕ್ಕೆ ತಿರುಗಿಸುವ ಇಡೀ ಫಿಲ್ಟರ್. ಮೂರು, ಮುಂದಿನ ಮಾಡೆಲ್‌ಗಳಲ್ಲಿ ಕಂಪನಿಯೇ ಕೊಟ್ಟ, ಬಾಯಿ ಕೆಳಗಾಗಿ ಮೇಲ್ಮುಖ ನಿಲ್ಲುವ ಸ್ಕ್ರೂ ಟೈಪ್. ಮೂರನೆಯದು ನನ್ನ ಗಾಡಿಯದಲ್ಲ. ಮಂಗಳೂರಿನ ಗೆಳೆಯರೊಬ್ಬರ ಎಪ್ಪತ್ತರ ದಶಕದ ಎಂಜಿಬಿ ಒಂದು ಮಳೆಗಾಲ ಪೂರ್ತಿ ನಮ್ಮ ಶೆಡ್ಡಿನಲ್ಲಿತ್ತು. ಅದನ್ನು ನೋಡಿಕೊಂಡವನು ನಾನೇ.

ಹಳೇ ಡಬ್ಬಿಯ ತಾಪತ್ರಯವೆಲ್ಲ ಒಂದು ರಬ್ಬರ್ ರಿಂಗ್‌ನಲ್ಲಿದೆ. ಡಬ್ಬಿಯ ಬಾಯಿ ಹೋಗಿ ಕೂರುವ ಮೇಲಿನ ಹೆಡ್‌ನಲ್ಲಿ ಸುತ್ತಲೂ ಕೊರೆದ ಒಂದು ಸಪೂರ ಸಂದು ಇದೆ. ರಿಂಗ್ ಇರುವುದು ಅದರೊಳಗೆ. ಕೆಳಗೆ ಮಲಗಿ ಮೇಲೆ ನೋಡಿದರೆ ಮಸಿ, ಎಣ್ಣೆ, ಕತ್ತಲೆ. ವರ್ಷಗಟ್ಟಲೆ ಬಿಸಿ ತಿಂದ ರಿಂಗ್ ಗಟ್ಟಿಯಾಗಿ, ಚಪ್ಪಟೆಯಾಗಿ, ಸಂದಿನ ತಳಕ್ಕೇ ಅಂಟಿಕೊಂಡಿರುತ್ತದೆ. ಬೆರಳಾಡಿಸಿದರೆ ಲೋಹದ ಹಾಗೇ ಅನಿಸುತ್ತದೆ. ಅಲ್ಲಿ ರಿಂಗ್ ಇದೆ ಅಂತ ಗೊತ್ತಿಲ್ಲದವರಿಗೆ ಕಾಣಿಸುವುದೇ ಇಲ್ಲ.

ನನ್ನ ಗಾಡಿಗೆ ಆದದ್ದೂ ಇದೇ. ಹಿಂದೆ ಎಲ್ಲೋ ಸರ್ವೀಸ್ ಮಾಡಿದವರು ಹಳೇ ರಿಂಗ್ ತೆಗೆಯದೆ, ಅದರ ಮೇಲೆಯೇ ಹೊಸದನ್ನು ಕೂರಿಸಿದ್ದರು. ಎರಡು ರಿಂಗ್ ಒಂದರ ಮೇಲೊಂದು ಇದ್ದರೆ ಡಬ್ಬಿಯ ಅಂಚು ಸಂದಿನೊಳಗೆ ಇಳಿಯುವುದಿಲ್ಲ. ಐಡ್ಲಿಂಗ್‌ನಲ್ಲಿ ಏನೂ ಗೊತ್ತಾಗಲಿಲ್ಲ. ಹನಿಯೂ ಬೀಳಲಿಲ್ಲ. ಒಂದು ದಿನ ಬೆಳಿಗ್ಗೆ ತಣ್ಣಗಿನ ಇಂಜಿನ್, ದಪ್ಪ ಆಯಿಲ್, ಆಕ್ಸಿಲರೇಟರ್ ಸ್ವಲ್ಪ ಒತ್ತಿದ್ದೇ ತಡ, ಮೇಲಿನ ರಿಂಗ್ ಒಂದು ಕಡೆ ಹೊರಗೆ ಜಾರಿತು. ಆಯಿಲ್ ಪ್ರೆಶರ್ ಅತಿ ಜಾಸ್ತಿ ಇರುವುದು ಆಗಲೇ. ಗೇಟಿನಿಂದ ರಸ್ತೆವರೆಗೆ ಒಂದೇ ಕರಿ ಗೆರೆ. ಪ್ರೆಶರ್ ಗೇಜ್ ಮೇಲೆ ಕಣ್ಣಿದ್ದದ್ದರಿಂದ ತಕ್ಷಣ ಕೀ ತಿರುಗಿಸಿದೆ, ಬೇರಿಂಗ್ ಉಳಿಯಿತು.

ಈ ರಿಂಗ್ ತೆಗೆಯಲು ಸ್ಕ್ರೂ ಡ್ರೈವರ್ ಬೇಡ, ಹೆಡ್‌ನ ಲೋಹ ಕೆತ್ತಿ ಹೋಗುತ್ತದೆ. ಗೋಣಿ ಹೊಲಿಯುವ ದಬ್ಬಣದ ತುದಿಯನ್ನು ತುಸು ಬಗ್ಗಿಸಿ, ರಬ್ಬರಿಗೆ ಚುಚ್ಚಿ ಎಳೆಯಬೇಕು. ತುಂಡು ತುಂಡಾಗಿ ಬರುತ್ತದೆ. ಆಮೇಲೆ ಬಟ್ಟೆಗೆ ಸೀಮೆಎಣ್ಣೆ ತಾಗಿಸಿ ಸಂದನ್ನು ಪೂರ್ತಿ ಒರೆಸಿ, ಟಾರ್ಚ್ ಹಿಡಿದು ಹೊಳೆಯುವ ಲೋಹ ಕಾಣುತ್ತದಾ ನೋಡಬೇಕು. ಎಲಿಮೆಂಟ್ ಜೊತೆ ಪ್ಯಾಕೆಟ್‌ನಲ್ಲಿ ಕೆಲವೊಮ್ಮೆ ಬೇರೆ ಬೇರೆ ಅಳತೆಯ ರಿಂಗ್‌ಗಳು ಬರುತ್ತವೆ. ಒಂದೇ ಎಲಿಮೆಂಟ್ ಹಲವು ಗಾಡಿಗೆ ಆಗುವುದರಿಂದ ಹಾಗೆ. ಸರಿಯಾದದ್ದು ಸಂದಿನಲ್ಲಿ ಎಳೆಯದೆ, ಸುಕ್ಕಾಗದೆ ಕೂರುತ್ತದೆ. ಎಳೆದು ಕೂರಿಸಿದ್ದು ಒಂದು ಕಡೆ ಕೂತರೆ ಇನ್ನೊಂದು ಕಡೆ ಏಳುತ್ತದೆ.

ಇಷ್ಟಾದ ಮೇಲೆ ಡಬ್ಬಿಯ ಒಳಗಿನ ಸಾಮಾನು. ತಳದಲ್ಲಿ ಸ್ಪ್ರಿಂಗ್, ಅದರ ಮೇಲೆ ವಾಷರ್, ಸೀಲ್, ಎಲಿಮೆಂಟನ್ನು ಮೇಲಕ್ಕೆ ಒತ್ತುವ ತಟ್ಟೆ. ತೊಳೆಯುವಾಗ ಇದರಲ್ಲಿ ಒಂದು ಬಕೆಟ್‌ನ ತಳದಲ್ಲಿ ಉಳಿದರೂ ಎಲಿಮೆಂಟ್ ಸರಿಯಾಗಿ ಒತ್ತಿಕೊಳ್ಳುವುದಿಲ್ಲ. ಆಯಿಲ್ ಅದರ ಪಕ್ಕದಿಂದಲೇ ನುಸುಳಿ ಸೋಸದೆ ಬೇರಿಂಗ್‌ಗೆ ಹೋಗುತ್ತದೆ. ಸೋರಿಕೆ ಇಲ್ಲ, ಗೇಜ್‌ನಲ್ಲೂ ಏನೂ ಕಾಣುವುದಿಲ್ಲ. ನನಗೆ ಇದೇ ಜಾಸ್ತಿ ಹೆದರಿಕೆ. ನಡುವಿನ ಉದ್ದ ಬೋಲ್ಟನ್ನು ಸಿಟ್ಟಿನಲ್ಲಿ ಬಿಗಿದರೆ ಡಬ್ಬಿಯೇ ಸೊಟ್ಟಗಾಗುತ್ತದೆ.

ಡಬ್ಬಿಯ ಪರವಾಗಿ ಒಂದು ಮಾತು ಹೇಳಲೇಬೇಕು. ಎಲಿಮೆಂಟ್ ಕೈಗೆ ಬರುತ್ತದೆ. ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದರೆ ಬೇರಿಂಗ್ ಪುಡಿ ಮಿನುಗುತ್ತದಾ ಅಂತ ಅಲ್ಲೇ ನೋಡಬಹುದು. ಸ್ಕ್ರೂ ಟೈಪ್ ಆದರೆ ಕತ್ತರಿಸಬೇಕು. ಹ್ಯಾಕ್ಸಾ ಹಾಕಿದರೆ ಅದರದ್ದೇ ಪುಡಿ ಒಳಗೆ ಬಿದ್ದು ಏನೂ ಗೊತ್ತಾಗುವುದಿಲ್ಲ.

ಈಗ ನನ್ನ ಮೆಚ್ಚಿನದು. ಅಡಾಪ್ಟರ್ ವಿದೇಶದಿಂದ ತರಿಸಬೇಕು. ಕಸ್ಟಮ್ಸ್ ಸೇರಿ ಅದರ ದುಡ್ಡಿಗೆ ಪೇಪರ್ ಎಲಿಮೆಂಟ್‌ಗಳ ರಾಶಿಯೇ ಬರುತ್ತದೆ. ಆದರೆ ಒಂದು ಸಲ ಹಾಕಿದರೆ ಮುಗಿಯಿತು. ಆ ದಿನ ಮಾತ್ರ ಹೆಡ್‌ನ ಸಂದನ್ನು ಮೇಲೆ ಹೇಳಿದ ಹಾಗೆ ಶುದ್ಧ ಮಾಡಿ. ಆಮೇಲೆ ಫಿಲ್ಟರ್ ಬದಲಿಸುವುದು ಹತ್ತು ನಿಮಿಷದ ಕೆಲಸ. ಬಾಯಿ ಮೇಲಕ್ಕೆ ಇರುವುದರಿಂದ ಹೊಸ ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿಸಿ ಹಾಕಬಹುದು. ಗ್ಯಾಸ್ಕೆಟ್‌ಗೆ ಒಂದು ಬೆರಳು ಆಯಿಲ್ ಸವರಿ, ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು. ಸಾಕು.

ಇದರಲ್ಲಿ ನೋಡಬೇಕಾದದ್ದು ಥ್ರೆಡ್. ನನ್ನ ಅಡಾಪ್ಟರ್‌ನದ್ದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತಿನ ಥ್ರೆಡ್. ಪೇಟೆಯಲ್ಲಿ ಸಿಗುವ ಎಷ್ಟೋ ಫಿಲ್ಟರ್‌ಗಳು 20 ಎಂಎಂ, 1.5 ಎಂಎಂ ಪಿಚ್‌ನವು (ಪಿಚ್ ಅಂದರೆ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ಅಂತರ). ಮುಕ್ಕಾಲು ಇಂಚು ಅಂದರೆ 19.05 ಎಂಎಂ. ವ್ಯತ್ಯಾಸ ಒಂದು ಎಂಎಂ ಕೂಡ ಇಲ್ಲ. ಹಾಗಾಗಿ ತಪ್ಪು ಫಿಲ್ಟರ್ ಕೂಡ ತಿರುಗಿಕೊಂಡು ಮೇಲೇರುತ್ತದೆ, ಸ್ವಲ್ಪ ಸಡಿಲ ಅನಿಸುತ್ತದೆ ಅಷ್ಟೇ. ಪ್ರೆಶರ್ ಬಂದಾಗ ಕಿತ್ತು ಬರುವುದು ಇಂಥದ್ದೇ. ಅಂಗಡಿಯವರು "ಆಗ್ತದೆ, ಹಾಕಿ" ಅಂದರೆ ಕೇಳಬೇಡಿ. ಪಿಚ್ ಗೇಜ್ ಇಟ್ಟು ನೋಡಿ. ಇಲ್ಲವೇ ಹಳೇ ಫಿಲ್ಟರನ್ನೂ ಹೊಂದುವ ಒಂದು ನಟ್ಟನ್ನೂ ಅಂಗಡಿಗೆ ಒಯ್ಯಿರಿ. ಒಳಗೆ ಆಯಿಲ್ ವಾಪಸ್ ಇಳಿಯದ ಹಾಗೆ ತಡೆಯುವ ರಬ್ಬರ್ ಪರದೆ ಇರುವ ಫಿಲ್ಟರನ್ನೇ ಕೇಳಿ. ಸಿಲಿಕೋನ್‌ನದ್ದು ಸಿಕ್ಕರೆ ಒಳ್ಳೇದು, ಮಾಮೂಲಿ ಕರಿ ರಬ್ಬರ್ ಬಿಸಿಗೆ ಬೇಗ ಗಟ್ಟಿಯಾಗುತ್ತದೆ.

ಮೂರನೆಯ ಬಗೆಗೆ ಆ ಪರದೆಯೇ ಜೀವ. ಫಿಲ್ಟರ್ ಮೇಲ್ಮುಖ ನಿಂತಿರುವುದರಿಂದ, ಪರದೆ ಸರಿಯಿಲ್ಲದಿದ್ದರೆ ಗಾಡಿ ನಿಂತಾಗ ಒಳಗಿನ ಆಯಿಲ್ ಎಲ್ಲ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಅಂದರೆ ಸಂಪ್‌ಗೆ ಇಳಿದುಹೋಗುತ್ತದೆ. ದಿನಾ ಓಡಿಸುವವರಿಗೆ ಇದು ದೊಡ್ಡ ವಿಷಯ ಅಲ್ಲದೆ ಇರಬಹುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಥ ಗಾಡಿ ಹೊರಗೆ ತೆಗೆಯುವುದೇ ಅಪರೂಪ. ಗೆಳೆಯರ ಗಾಡಿಯನ್ನು ಮಳೆ ನಿಂತ ಮೇಲೆ ಸ್ಟಾರ್ಟ್ ಮಾಡಿದಾಗ ಪ್ರೆಶರ್ ಗೇಜ್‌ನ ಮುಳ್ಳು ಸೊನ್ನೆಯಲ್ಲೇ ಇತ್ತು. ಇಂಜಿನ್ ಒಳಗಿನಿಂದ ಕಟಕಟ ಶಬ್ದ. ಮುಳ್ಳು ಏಳುವಷ್ಟರಲ್ಲಿ ನನಗೆ ಜೀವ ಬಾಯಿಗೆ ಬಂದಿತ್ತು. ಆಮೇಲಿಂದ ಆ ಗಾಡಿಗೆ ನಾಲ್ಕೂ ಪ್ಲಗ್ ಬಿಚ್ಚಿ, ಗೇಜ್‌ನಲ್ಲಿ ಪ್ರೆಶರ್ ಕಾಣುವವರೆಗೆ ಸ್ಟಾರ್ಟರ್ ತಿರುಗಿಸಿ, ಮತ್ತೆ ಪ್ಲಗ್ ಹಾಕಿಯೇ ಸ್ಟಾರ್ಟ್ ಮಾಡುತ್ತಿದ್ದೆ. ನನ್ನ ಗಾಡಿಯಲ್ಲಿ ಅದೇ ಮಳೆಗಾಲ ಕಳೆದ ಮೇಲೂ ಮುಳ್ಳು ಬೇಗ ಎದ್ದಿತು. ನನ್ನ ಮಟ್ಟಿಗೆ ತೀರ್ಮಾನ ಆದದ್ದು ಅಲ್ಲೇ.

ಪ್ರೆಶರ್ ನೋಡುವುದರಲ್ಲೂ ನನಗೆ ಹಳೇ ಕ್ರಮವೇ ಇಷ್ಟ. ಡ್ಯಾಶ್‌ಬೋರ್ಡ್‌ನ ಗೇಜ್ ಮೆಕ್ಯಾನಿಕಲ್, ಇಂಜಿನ್‌ನಿಂದ ಸಣ್ಣ ಪೈಪಿನಲ್ಲಿ ಆಯಿಲ್ಲೇ ಗೇಜಿನವರೆಗೆ ಬರುತ್ತದೆ. ಎಲೆಕ್ಟ್ರಿಕ್ ಆದರೆ ಪ್ರೆಶರ್ ಅಳೆದು ಗೇಜಿಗೆ ಕಳಿಸುವ ಸೆಂಡರ್ ಸುಳ್ಳು ಹೇಳುತ್ತದಾ, ಅರ್ತ್ ಸರಿಯಿಲ್ಲವಾ ಅಂತ ಇನ್ನೊಂದು ತಲೆನೋವು. ಬರೀ ಕೆಂಪು ಲೈಟ್ ಇರುವ ಗಾಡಿಗಳಲ್ಲಿ ಪ್ರೆಶರ್ ತೀರಾ ಕೆಳಗಿಳಿದ ಮೇಲಷ್ಟೇ ಅದು ಹತ್ತುತ್ತದೆ. ಅಷ್ಟರಲ್ಲಿ ಹೇಳಲು ಏನು ಉಳಿದಿರುತ್ತದೆ?

ತಣ್ಣಗಿನ ಇಂಜಿನ್‌ನ ಪ್ರೆಶರ್ ನೋಡಿ ಖುಷಿಪಡುವುದರಲ್ಲಿ ಅರ್ಥವಿಲ್ಲ. ದಪ್ಪ ಆಯಿಲ್ ಯಾವ ಸವೆದ ಇಂಜಿನ್ನಿನಲ್ಲೂ ಮುಳ್ಳು ಎಬ್ಬಿಸುತ್ತದೆ. ನಾನು ನೋಡುವುದು ಮುಳ್ಳೇರಿಯ, ಆದೂರು, ಜಾಲ್ಸೂರು ದಾಟಿ, ಸಂಪಾಜೆಯಿಂದ ಮಡಿಕೇರಿ ಘಾಟಿ ಹತ್ತಿದ ಮೇಲೆ. ಎಂಜಿಬಿಗೆ ಬಿಸಿ ಇಂಜಿನ್‌ನಲ್ಲಿ ಓಡುವಾಗ 50ರಿಂದ 80 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಐಡ್ಲಿಂಗ್‌ನಲ್ಲಿ 10ರಿಂದ 25 ಇರಬೇಕು. ನನ್ನದು ಘಾಟಿ ಹತ್ತಿ ನಿಂತಾಗ 15ರ ಆಸುಪಾಸು ನಿಲ್ಲುತ್ತದೆ. ಆಯಿಲ್ 20ಡಬ್ಲ್ಯೂ-50 ಮಿನರಲ್. ಹೊಸ ಕಾರಿನ ತೆಳು ಸಿಂಥೆಟಿಕ್ ಬೇಡ.

ಡ್ಯಾಶ್‌ಬೋರ್ಡ್‌ನ ಗೇಜಿಗೂ ವಯಸ್ಸಾಗಿದೆ. ಅದಕ್ಕೆ ಗೇಜ್ ಪೈಪಿನ ಜಾಗದಲ್ಲಿ ಹೊರಗಿನ ಟೆಸ್ಟ್ ಗೇಜ್ ಕಟ್ಟಿ ಒಮ್ಮೆ ತಾಳೆ ನೋಡಿ. ನಮ್ಮ ಮೆಕ್ಯಾನಿಕ್ ಹತ್ತಿರ 10 ಬಾರ್‌ವರೆಗಿನದ್ದು ಇತ್ತು. ಒಂದು ಬಾರ್ ಅಂದರೆ ಸುಮಾರು 14.5 ಪಿಎಸ್‌ಐ. ಐಡ್ಲಿಂಗ್‌ನಲ್ಲಿ ಅದು ಒಂದು ಬಾರ್‌ಗಿಂತ ಸ್ವಲ್ಪ ಮೇಲೆ ತೋರಿಸಿತು, ನನ್ನ ಗೇಜಿಗೆ ಸರಿಯಾಗಿ ಹೊಂದಿತು. ಬಿಸಿ ಐಡ್ಲಿಂಗ್ ಪ್ರೆಶರ್ ಕಡಿಮೆ ಇದ್ದರೆ, ಪ್ರೆಶರ್ ಮಿತಿ ಮೀರದ ಹಾಗೆ ತಡೆಯುವ ರಿಲೀಫ್ ವಾಲ್ವ್‌ನ ಸ್ಪ್ರಿಂಗ್ ಕೆಳಗೆ ವಾಷರ್ ಹಾಕಿ ಏರಿಸುವ ಉಪಾಯ ಹೇಳುವವರಿದ್ದಾರೆ. ಅದು ಓಡುವಾಗಿನ ಪ್ರೆಶರನ್ನು ಏರಿಸುತ್ತದೆಯೇ ಹೊರತು ಐಡ್ಲಿಂಗ್‌ನದ್ದನ್ನಲ್ಲ. ವಾಲ್ವ್ ಬಿಚ್ಚಿ ಕಸ ಸಿಕ್ಕಿದೆಯಾ ನೋಡಿ. ಅದು ಸರಿಯಿದ್ದರೆ ಬೇರಿಂಗ್ ಕಡೆ ನೋಡುವುದೇ ದಾರಿ.

ಪ್ರದರ್ಶನಕ್ಕೆ ಇಡುವ, ಪ್ರತಿ ಬೋಲ್ಟೂ ಒರಿಜಿನಲ್ ಬೇಕು ಅನ್ನುವವರು ಡಬ್ಬಿಯನ್ನೇ ಇಟ್ಟುಕೊಳ್ಳಿ, ದಬ್ಬಣವನ್ನೂ ಇಟ್ಟುಕೊಳ್ಳಿ. ಮೇಲ್ಮುಖ ಫಿಲ್ಟರಿನ ಗಾಡಿ ಇರುವವರು ಹೆಡ್ ಬದಲಿಸಲು ದುಡ್ಡು ಸುರಿಯುವ ಅಗತ್ಯ ಇಲ್ಲ, ಒಳ್ಳೇ ಪರದೆಯ ಫಿಲ್ಟರ್ ಹಾಕಿ, ಮಳೆಗಾಲದಲ್ಲೂ ಆಗಾಗ ಸ್ಟಾರ್ಟ್ ಮಾಡಿ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ದುಡ್ಡು ಕಡಿಮೆ ಇದ್ದರೆ ಅಡಾಪ್ಟರ್‌ಗಿಂತ ಮೊದಲು ಗೇಜ್ ಪೈಪಿನ ಇಂಜಿನ್ ತುದಿಯಲ್ಲಿರುವ ರಬ್ಬರ್ ಹೋಸ್ ಬದಲಿಸಿ. ಅದು ಒಡೆದರೆ ಪಂಪ್ ಸಂಪಿನಲ್ಲಿರುವ ಆಯಿಲ್ಲನ್ನೆಲ್ಲ ರಸ್ತೆಗೆ ಎಸೆಯುತ್ತದೆ. ಯಾವ ಫಿಲ್ಟರ್ ಇದ್ದರೂ ಒಂದೇ. ಫಿಲ್ಟರ್ ಬದಲಿಸಿದ ರಾತ್ರಿ ಗಾಡಿಯ ಅಡಿಗೆ ಒಂದು ಅಡಿಕೆ ಹಾಳೆ ಹಾಸಿಡಿ, ಹನಿ ಬಿದ್ದರೆ ಎಲ್ಲಿಂದ ಅಂತ ಬೆಳಿಗ್ಗೆ ನೇರ ಮೇಲೆ ನೋಡಿದರೆ ಗೊತ್ತಾಗುತ್ತದೆ.