ಡೆಪಾ ಎಣ್ಣೆ: ದರಗಿಗೆ ಹೋಗುವವರ ಕಾಲಿಗೆ ಇರಲೇಬೇಕು

ಅಡಿಕೆ ತೋಟ ಇದ್ದ ಮೇಲೆ ದರಗು, ಅಂದರೆ ಒಣಗಿದ ತರಗೆಲೆ, ಬೇಕೇ ಬೇಕು. ಅದಕ್ಕಾಗಿ ಸೊಪ್ಪಿನಬೆಟ್ಟ ಹತ್ತುವ ನನ್ನಂಥವರಿಗಾಗಿ, ಉಣುಗು (ಉಣ್ಣೆ) ಹತ್ತದಂತೆ ಮೈಗೆ ಹಚ್ಚುವ ಈ ಎಣ್ಣೆಯ ಬಗ್ಗೆ ಬರೆಯುತ್ತಿದ್ದೇನೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಇರುವ ಊರುಗಳಲ್ಲಿ ಇದನ್ನು ಪುಕ್ಕಟೆ ಹಂಚುತ್ತಾರೆ. ತಯಾರಿಸಿದ್ದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ.

ಕೆಲಸ ಮಾಡುತ್ತದೆ. ದರಗು ಬಾಚುವಾಗ ಒಂದು ಮರಿ ಉಣುಗು ನನ್ನ ಬೆರಳ ತುದಿಯಿಂದ ಮೇಲೆ ಹರಿದು ಬಂತು. ಮಣಿಕಟ್ಟಿನ ಹತ್ತಿರ ಎಣ್ಣೆ ಹಚ್ಚಿದ ಜಾಗ ಸಿಕ್ಕಿತು. ಅಲ್ಲೇ ನಿಂತಿತು, ಮುಂಗಾಲು ಎತ್ತಿ ಆಡಿಸಿತು, ಪಕ್ಕಕ್ಕೆ ತಿರುಗಿತು, ಕೊನೆಗೆ ಉದುರಿ ಬಿತ್ತು. ಆದರೆ ಎಣ್ಣೆ ತಾಗದ ಕಡೆ ಅದಕ್ಕೆ ದಾರಿ ಇದ್ದೇ ಇದೆ. ಬೆರಳ ಸಂದಿ, ಮಂಡಿಯ ಹಿಂಭಾಗ, ಕಾಲ್ಚೀಲದ ಅಂಚು, ಇವನ್ನೆಲ್ಲ ಬಿಡದೆ ಸವರಬೇಕು. ಕಣ್ಣು, ಬಾಯಿ, ಗಾಯದ ಹತ್ತಿರ ಮಾತ್ರ ಬೇಡ.

ಯಾವಾಗ ಹಚ್ಚಬೇಕು ಅನ್ನುವುದೇ ಮುಖ್ಯ. ಮಳೆಗಾಲದಲ್ಲಿ ದನದ ಕಿವಿ, ಕೆಚ್ಚಲಲ್ಲಿ ದಪ್ಪ ದಪ್ಪ ಉಣುಗು ನೋಡಿ ಎಲ್ಲರೂ ಹೆದರುತ್ತಾರೆ. ಅವು ಬೆಳೆದವು, ದನದ ಮೇಲೇ ಜಾಸ್ತಿ. ರಕ್ತ ಕುಡಿದು ಉದುರಿದ ಹೆಣ್ಣು ಒಂದೇ ಕಡೆ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮಳೆ ಹಿಂದೆ ಸರಿದ ಮೇಲೆ ಅದರ ಮರಿಗಳು ಗುಂಪುಗುಂಪಾಗಿ ಸೊಪ್ಪಿನ ಮೇಲೆ ಕಾಯುತ್ತವೆ. ಅವೇ ಬೆಳೆದು ಮುಂದಿನ ಹಂತಕ್ಕೆ ಬರುವುದು ಚಳಿಗಾಲ, ಬೇಸಿಗೆಯಲ್ಲಿ. ಎಳ್ಳಿನ ಕಾಳಿಗಿಂತ ಸಣ್ಣ. ನಮಗೆ ಕಾಯಿಲೆ ತರುವುದು ಹೆಚ್ಚಾಗಿ ಇವೇ. ಡಿಸೆಂಬರಿನಿಂದ ಮೇವರೆಗೆ ಜ್ವರ ಕಾಣಿಸುವುದು ಅದಕ್ಕೇ. ನಾವು ದರಗು ಗುಡಿಸುವುದೂ ಆಗಲೇ ಅಲ್ವಾ!

ಹಾಗಾಗಿ ಬಾಟಲಿ ನವೆಂಬರಿಗೇ ಮನೆಯಲ್ಲಿರಬೇಕು. ಎಲ್ಲೋ ಮಂಗ ಸತ್ತ ಸುದ್ದಿ ಬಂದ ಮೇಲೆ ಹಂಚಿದರೆ ಅಷ್ಟರಲ್ಲಿ ಅರ್ಧ ಊರು ಬೆಟ್ಟ ಹತ್ತಿ ಇಳಿದಿರುತ್ತದೆ. ಇದು ನನಗೆ ನಿಜವಾಗಿ ಸಂಕಟದ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ. ಸಾಗರದ ಅರಳಗೋಡಿನಲ್ಲಿ 2018-19ರಲ್ಲಿ ಜನ ಸತ್ತರು. ಯಾವ ತಿಂಗಳಲ್ಲಿ ಬರುತ್ತದೆ ಅಂತ ಮಲೆನಾಡಿನ ಮಕ್ಕಳಿಗೂ ಗೊತ್ತು.

ಜಾಗವನ್ನೂ ನೋಡಿಕೊಳ್ಳಿ. ಬಿಸಿಲು ಬೀಳುವ ಬೋಳು ಬ್ಯಾಣದಲ್ಲಿ (ಹುಲ್ಲುಗಾವಲಲ್ಲಿ) ಉಣುಗು ಕಡಿಮೆ, ಒಣಗಿ ಹೋಗುತ್ತವೆ. ನೆರಳಿದ್ದು ತರಗೆಲೆ ದಪ್ಪ ಕೂತ ಕಡೆ, ಕಾಡಂಚಿನ ಲಂಟಾನ ಪೊದೆ, ದನ ಓಡಾಡುವ ದಾರಿ, ಇಲ್ಲಿ ಜಾಸ್ತಿ. ಮಂಗ ಸತ್ತ ಜಾಗಕ್ಕೆ ಎಣ್ಣೆ ಹಚ್ಚಿಕೊಂಡೂ ಹೋಗಬೇಡಿ. ಅದರ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತ ಇರುತ್ತವೆ.

ಕೊರತೆ ಅಂದರೆ ಅಂಟು. ಮೈಗೆ ಜಿಡ್ಡು ಹಿಡಿದು ಧೂಳು ಮೆತ್ತಿಕೊಳ್ಳುತ್ತದೆ. ಮಾರ್ಚಿನ ಬೆವರಿಗೆ ಬೇಗ ಇಳಿಯುತ್ತದೆ. ಬಾಟಲಿ ಜೇಬಲ್ಲಿಟ್ಟುಕೊಂಡು ಹೋಗಿ, ಮಧ್ಯೆ ಇನ್ನೊಮ್ಮೆ ಸವರಿ. ಬಂದ ಕೂಡಲೇ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೇ ಹಾಕಿ. ಕೂಲಿಗೆ ಬರುವವರಿಗೂ ಕೆಲಸ ಶುರುವಾಗುವ ಮೊದಲು ನೀವೇ ಬಾಟಲಿ ಕೊಡಿ, ಅವರು ಕೇಳಲಿ ಅಂತ ಕಾಯಬೇಡಿ.