ಕರ್ಸರ್ ಬ್ರಾಕೆಟ್ ಮೇಲೆ ಇಲ್ಲದಿದ್ದಾಗ: ವಿಮ್, ಈಮ್ಯಾಕ್ಸ್, ವಿಎಸ್ ಕೋಡ್

ಯಾವುದಾದರೂ ದೊಡ್ಡ ಜಾವಾಸ್ಕ್ರಿಪ್ಟ್ ಫೈಲಿನ ಕೊನೆಗೆ ಹೋಗಿ ನೋಡಿ. }); ಅಂತ ಐದಾರು ಸಾಲು ಮೆಟ್ಟಿಲಿನ ಹಾಗೆ ಇಳಿದು ನಿಂತಿರುತ್ತವೆ. ಅದರಲ್ಲಿ ಮೂರನೆಯದು ಯಾವುದರ ಜೋಡಿ? ಬೆರಳಿಟ್ಟು ಎಣಿಸಬೇಕಾಗಿಲ್ಲ, ಕೋಡ್ ಬರೆಯುವ ಎಡಿಟರುಗಳಲ್ಲಿ ಬಹುತೇಕ ಎಲ್ಲದರಲ್ಲೂ ಅದಕ್ಕೊಂದು ಕೀ ಇದೆ. ಕರ್ಸರ್ ಸರಿಯಾಗಿ ಬ್ರಾಕೆಟ್ ಮೇಲೆ ಇದ್ದರೆ ಎಲ್ಲವೂ ಜೋಡಿಗೆ ಹಾರುತ್ತವೆ. ಅಷ್ಟೇ ಆಗಿದ್ದರೆ ಹೋಲಿಸಲು ಏನೂ ಇರುತ್ತಿರಲಿಲ್ಲ. ಆದರೆ ನಾವು ಬ್ರಾಕೆಟ್ ಮೇಲೆ ಕೂತು ಕೋಡ್ ಬರೆಯುವುದಿಲ್ಲ ಅಲ್ವಾ? ನಡುವೆ ಎಲ್ಲೋ ಇರುತ್ತೇವೆ. ಅಲ್ಲಿಂದ ಕೀ ಒತ್ತಿದರೆ ಏನಾಗುತ್ತದೆ ಅನ್ನುವುದರಲ್ಲೇ ಒಂದೊಂದು ಎಡಿಟರಿನ ಗುಣ ಗೊತ್ತಾಗುತ್ತದೆ.

ಪರೀಕ್ಷೆಗೆ ಸುಮಾರು 400 ಸಾಲಿನ ಒಂದು ಫೈಲ್ ಇಟ್ಟುಕೊಂಡೆ. ಅದರಲ್ಲಿ ಬೇಕಂತಲೇ ಕೆಲವು ತರಲೆ ಸೇರಿಸಿದೆ. ಒಂದು ಕಾಮೆಂಟಿನಲ್ಲಿ (ಓದುವವರಿಗಾಗಿ ಬರೆದ ಟಿಪ್ಪಣಿ) "ಎ) ಮೊದಲು ಪಟ್ಟಿ ಖಾಲಿ ಮಾಡು" ಅಂತ ಒಂಟಿ ಬ್ರಾಕೆಟ್. ಒಂದೆರಡು ಸ್ಟ್ರಿಂಗ್, ಅಂದರೆ ಕೋಟ್ ನಡುವಿನ ಪಠ್ಯದ, ಒಳಗೆ ಮುಚ್ಚದೇ ಬಿಟ್ಟ (. ಜತೆಗೆ ಒಂದು ಫಂಕ್ಷನ್ ಒಳಗೆ ಈ ಸಾಲು:

ಇಫ್ (ಅ && (ಬ || ಕ))

ವಿಮ್, ವಿಎಸ್ ಕೋಡ್, ಈಮ್ಯಾಕ್ಸ್ ಮೂರು ಎಡಿಟರಿನಲ್ಲೂ ಇದೇ ಸಾಲಿನ ಮೇಲೆ ಓಡಾಡಿದೆ.

ಮೊದಲು ವಿಮ್, ನನ್ನ ಕೈ ಪಳಗಿದ್ದು ಅಲ್ಲೇ. ಇಲ್ಲಿ ಕೀ ಅಂದರೆ %. ವಿಮ್ 1991ರದ್ದಾದರೂ ಈ ಕೀ ಅದಕ್ಕೂ ಹಿಂದಿನ ವಿಐ ಎಂಬ ಎಡಿಟರಿನಿಂದ ಬಂದದ್ದು. ಕರ್ಸರ್ ಬ್ರಾಕೆಟ್ ಮೇಲೆ ಇಲ್ಲದಿದ್ದರೆ % ಅದೇ ಸಾಲಿನಲ್ಲಿ ಮುಂದೆ ಸಿಗುವ ಮೊದಲ ಬ್ರಾಕೆಟ್ ಹುಡುಕಿ, ಅದರ ಜೋಡಿಗೆ ಹೋಗುತ್ತದೆ. ಕೇಳಲು ಸರಳ. ಮಾಡಿ ನೋಡಿದರೆ ಸ್ವಲ್ಪ ವಿಚಿತ್ರ. 'ಇಫ್' ಮೇಲಿಂದ ಒತ್ತಿದರೆ ಕಂಡೀಷನ್‌ನ ಕಟ್ಟಕಡೆಯ ) ಸಿಗುತ್ತದೆ, ಬೇಕಾಗಿದ್ದೂ ಅದೇ. 'ಅ' ಮೇಲಿಂದ ಒತ್ತಿದರೆ ಒಳಗಿನ ಜೋಡಿಯ ಕೊನೆಗೆ ಹೋಗುತ್ತದೆ, ಯಾಕೆಂದರೆ ಮುಂದೆ ಮೊದಲು ಸಿಕ್ಕಿದ್ದು ಒಳಗಿನ (. 'ಬ' ಮೇಲಿಂದ ಒತ್ತಿದರೆ ಹಿಂದಕ್ಕೇ ಹಾರುತ್ತದೆ! ಮುಂದೆ ಸಿಕ್ಕಿದ್ದು ಮುಚ್ಚುವ ಬ್ರಾಕೆಟ್, ಅದರ ಜೋಡಿ ಹಿಂದಿದೆ. ಒಂದೇ ಕೀ, ಒಂದೇ ಸಾಲು, ಮೂರು ಕಡೆಯಿಂದ ಮೂರು ದಾರಿ. ನಿಯಮ ಗೊತ್ತಿದ್ದರೆ ತಪ್ಪೇನಿಲ್ಲ. ಗೊತ್ತಿಲ್ಲದಿದ್ದಾಗ ನಾನಂತೂ ಎಷ್ಟೋ ದಿನ ಸುಮ್ನೆ ಎರಡು ಸಲ ಒತ್ತಿ ನೋಡುತ್ತಿದ್ದೆ.

ಇನ್ನೊಂದು ಪೆದ್ದುತನವೂ ಹೇಳಿಬಿಡುತ್ತೇನೆ. ವಿಮ್‌ನಲ್ಲಿ ಕಮಾಂಡಿನ ಮುಂದೆ ಅಂಕಿ ಹಾಕಿದರೆ ಅಷ್ಟು ಸಲ ಮಾಡುತ್ತದೆ ಅಂತ ನಂಬಿ, ಮೂರು ಹಂತ ಹೊರಗೆ ಹೋಗಲು 3% ಒತ್ತಿದೆ. ಫೈಲಿನ ಆರಂಭದ ಹತ್ತಿರ ಹೋಗಿ ಬಿದ್ದೆ. ಅಂಕಿ ಸೇರಿದರೆ % ಅಂದರೆ ನಿಜವಾಗಿಯೂ ಶೇಕಡಾ, 3% ಅಂದರೆ ಫೈಲಿನ ಶೇ 3ರಷ್ಟು ಜಾಗ.

ಹೊರಗೆ ಹೋಗಲು ವಿಮ್‌ನಲ್ಲಿ ಬೇರೆಯೇ ಕೀಗಳಿವೆ: [{ ಮತ್ತು [(. ಸುತ್ತುವರಿದ ಜೋಡಿಯ ಆರಂಭಕ್ಕೆ ಹೋಗುತ್ತವೆ. ]} ಮತ್ತು ]) ಕೊನೆಗೆ. ಮತ್ತೆ ಮತ್ತೆ ಒತ್ತಿದರೆ ಒಂದೊಂದೇ ಹಂತ ಹೊರಗೆ, ಇಲ್ಲಿ 2[{ ಅಂದರೆ ಎರಡು ಹಂತ. ಇದನ್ನು ಬಳಸುವವರು ಕಡಿಮೆ, ನನಗೆ % ಗಿಂತ ಇದೇ ಜಾಸ್ತಿ ಉಪಯೋಗಕ್ಕೆ ಬಂತು. ತೊಂದರೆ ಏನೆಂದರೆ, ನನ್ನನ್ನು ಸುತ್ತಿರುವುದು { ಅಥವಾ ( ಅನ್ನುವುದು ಒತ್ತುವ ಮೊದಲೇ ನನಗೆ ಗೊತ್ತಿರಬೇಕು. ಗೊತ್ತಿದ್ದಿದ್ದರೆ ಅರ್ಧ ಕೆಲಸ ಆಗಿಯೇ ಹೋಗಿರುತ್ತಿತ್ತು.

ತರಲೆ ಸಾಲುಗಳಲ್ಲಿ ವಿಮ್ ಅರ್ಧ ಪಾಸ್. ಡಬಲ್ ಕೋಟ್ ಒಳಗಿನ ಬ್ರಾಕೆಟ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಿಂಗಲ್ ಕೋಟ್ ಸ್ಟ್ರಿಂಗಿನಲ್ಲಿ ಎಡವಿತು. ಅಲ್ಲಿ ಅದು ಸಿ ಭಾಷೆಯ ಹಾಗೆ ಒಂದೇ ಅಕ್ಷರ ಇರುತ್ತದೆ ಅಂದುಕೊಳ್ಳುತ್ತದೆ. ಕಾಮೆಂಟಿನ "ಎ)" ಅನ್ನೂ ನಿಜವಾದ ಬ್ರಾಕೆಟ್ ಎಂದೇ ಎಣಿಸಿತು. ಮ್ಯಾಚಿಟ್ ಎಂಬ ಪ್ಲಗಿನ್ (ಹೆಚ್ಚುವರಿ ಸೌಲಭ್ಯ) ಆನ್ ಮಾಡಿದ ಮೇಲೆ, ಸಿಂಟ್ಯಾಕ್ಸ್ ಹೈಲೈಟಿಂಗ್ (ಕೋಡಿನ ಭಾಗಗಳಿಗೆ ಬಣ್ಣ ಹಾಕುವುದು) ಇದ್ದರೆ, ಎರಡೂ ಸರಿಹೋದವು. ಈ ಪ್ಲಗಿನ್ ವಿಮ್ ಜತೆಗೇ ಬರುತ್ತದೆ, ನಾವೇ ಆನ್ ಮಾಡಬೇಕು. ವಿಮ್ ಕವಲಾದ ನಿಯೋವಿಮ್‌ನಲ್ಲಿ ಮೊದಲೇ ಆನ್ ಇರುತ್ತದೆ. ಇದಿದ್ದರೆ ಎಚ್‌ಟಿಎಂಎಲ್ ಟ್ಯಾಗುಗಳ ನಡುವೆಯೂ % ಓಡಾಡುತ್ತದೆ.

ವಿಎಸ್ ಕೋಡ್‌ನಲ್ಲಿ ಕೀ ಕಂಟ್ರೋಲ್+ಶಿಫ್ಟ್+\. ಇದರ ಯೋಚನೆ ವಿಮ್‌ಗೆ ಉಲ್ಟಾ. ಮುಂದಿನ ಬ್ರಾಕೆಟ್ ಹುಡುಕುವ ಮೊದಲು, ನನ್ನನ್ನು ಸುತ್ತಿರುವ ಜೋಡಿ ಯಾವುದು ಅಂತ ನೋಡುತ್ತದೆ. 'ಅ' ಮೇಲಿಂದ ಹೊರಗಿನ ), 'ಬ' ಮೇಲಿಂದ ಒಳಗಿನ ). ಚೆನ್ನಾಗಿದೆ. ಆದರೆ 'ಇಫ್' ಮೇಲಿಂದ ಒತ್ತಿದರೆ ಪಕ್ಕದಲ್ಲೇ ಇರುವ ಕಂಡೀಷನ್ ಬಿಟ್ಟು, ಇಡೀ ಫಂಕ್ಷನ್‌ನ } ಗೆ ಎಸೆಯುತ್ತದೆ. ಎರಡು ಸ್ಕ್ರೀನ್ ಕೆಳಗೆ. ತರ್ಕ ಸರಿಯೇ, ಆ ಜಾಗವನ್ನು ಸುತ್ತಿರುವುದು ಫಂಕ್ಷನ್. ಆದರೂ ಮೊದಲ ಸಲ ಗಾಬರಿಯಾಗುತ್ತದೆ. ಕಂಟ್ರೋಲ್+ಯು ಒತ್ತಿದರೆ ಕರ್ಸರ್ ವಾಪಸ್ ಬರುತ್ತದೆ, ಇದು ನೆನಪಿರಲಿ. ವಿಮ್‌ನಲ್ಲಿ ಇದೇ ಕೆಲಸಕ್ಕೆ ಕಂಟ್ರೋಲ್+ಓ.

ಕಂಟ್ರೋಲ್+ಶಿಫ್ಟ್+\ ಮತ್ತೆ ಒತ್ತಿದರೆ ಹೊರಗೆ ಹೋಗುವುದಿಲ್ಲ. ಆ ಕೊನೆ, ಈ ಕೊನೆ, ಮತ್ತೆ ಆ ಕೊನೆ. ಹಂತಹಂತವಾಗಿ ಹೊರಗೆ ಬರಬೇಕೆಂದರೆ ಶಿಫ್ಟ್+ಆಲ್ಟ್+ಬಲ ಬಾಣದಿಂದ ಸೆಲೆಕ್ಷನ್ ದೊಡ್ಡದು ಮಾಡುತ್ತಾ ಹೋಗಬೇಕು. ಸ್ಟ್ರಿಂಗ್, ಕಾಮೆಂಟ್ ತರಲೆಗಳಿಗೆ ಮಾತ್ರ ಜಗ್ಗಲಿಲ್ಲ.

ಇಲ್ಲಿ ನಿಜವಾಗಿ ಗೆದ್ದದ್ದು ಬ್ರಾಕೆಟ್ ಜೋಡಿಗಳಿಗೆ ಹಾಕುವ ಬಣ್ಣ. 2021ರಲ್ಲಿ ಒಳಗೇ ಸೇರಿಸಿದ ಈ ಸೌಲಭ್ಯ 2022ರಿಂದ ತಾನಾಗಿಯೇ ಆನ್ ಇರುತ್ತದೆ. ಮೂರು ಬಣ್ಣಗಳು ಸುತ್ತುತ್ತವೆ, ಒಂದೊಂದು ಹಂತಕ್ಕೆ ಒಂದು. ಒಂದು ಫಂಕ್ಷನ್‌ನ ಕೊನೆಯ } ಅಳಿಸಿ ನೋಡಿದೆ. ಕೆಳಗಿನ ಫಂಕ್ಷನ್‌ಗಳ ಬಣ್ಣವೆಲ್ಲ ಒಂದು ಮೆಟ್ಟಿಲು ಜರುಗಿತು. ಯಾವ ಕೀಯನ್ನೂ ಒತ್ತದೆ ಕಣ್ಣಿಗೇ ಹೊಡೆಯಿತು. ಹಾರುವುದು ಆಮೇಲಿನ ಮಾತು.

ಈಮ್ಯಾಕ್ಸ್ ಕೊನೆಗೆ ಇಟ್ಟೆ, ಕೀಗಳಿಗೆ ಹೆದರಿ. ಕಂಟ್ರೋಲ್+ಆಲ್ಟ್ ಒತ್ತಿ ಹಿಡಿದು: ಎಫ್ ಮುಂದಕ್ಕೆ, ಬಿ ಹಿಂದಕ್ಕೆ, ಯು ಹೊರಗೆ, ಡಿ ಒಳಗೆ, ಕೆ ಕತ್ತರಿಸಲು. ಬ್ರಾಕೆಟ್ಟುಗಳೇ ತುಂಬಿದ ಲಿಸ್ಪ್ ಎಂಬ ಭಾಷೆ‌ಗಾಗಿ ಮಾಡಿದ ಕೀಗಳು, ಹಾಗಾಗಿ ಇಲ್ಲಿ 'ಜೋಡಿಗೆ ಹಾರು' ಅನ್ನುವ ಪ್ರಶ್ನೆಯೇ ಇಲ್ಲ. ಕೋಡ್ ಒಂದು ಮರ, ನೀವು ಅದರಲ್ಲಿ ಹತ್ತಿ ಇಳಿಯುತ್ತೀರಿ. 'ಬ' ಮೇಲಿಂದ ಯು ಒತ್ತಿದರೆ ಒಳಗಿನ (. ಮತ್ತೆ ಒತ್ತಿದರೆ ಹೊರಗಿನ (. ಮತ್ತೆ ಒತ್ತಿದರೆ ಫಂಕ್ಷನ್‌ನ {. ಯಾವ ಬಗೆಯ ಬ್ರಾಕೆಟ್ ಅಂತ ಕೇಳುವುದೇ ಇಲ್ಲ. ವಿಮ್‌ನಲ್ಲಿ ನನಗೆ ಕೊರತೆ ಅನಿಸಿದ್ದು ಇದೇ.

ಹಾಗಂತ ಎಲ್ಲ ಸಲೀಸಲ್ಲ. ವಿಮ್‌ನಲ್ಲಿ ಕರ್ಸರ್ ಅಕ್ಷರದ ಮೇಲೆ ಕೂರುತ್ತದೆ, ಈಮ್ಯಾಕ್ಸ್‌ನಲ್ಲಿ ಎರಡು ಅಕ್ಷರಗಳ ನಡುವೆ. ಎಫ್ ಇಡೀ ಜೋಡಿಯನ್ನು ದಾಟಬೇಕಾದರೆ ಕರ್ಸರ್ ( ಗಿಂತ ಮುಂಚೆ ಇರಬೇಕು. ಒಂದು ಹೆಜ್ಜೆ ಒಳಗಿದ್ದರೆ ಒಳಗಿನ ಪದವನ್ನಷ್ಟೇ ದಾಟುತ್ತದೆ. ಮೊದಲ ಎರಡು ದಿನ ಇದರಲ್ಲೇ ಕಳೆಯಿತು. ಕೆಲವು ಕೀಗಳನ್ನು ನನ್ನ ಡೆಸ್ಕ್‌ಟಾಪ್ ಮೊದಲೇ ಕಸಿದುಕೊಂಡಿತ್ತು, ಅವಕ್ಕೆ ಎಸ್ಕೇಪ್ ಒತ್ತಿ ಬಿಟ್ಟು ಆಮೇಲೆ ಕಂಟ್ರೋಲ್ ಜತೆ ಅಕ್ಷರ ಒತ್ತಿದರೆ ಕೆಲಸ ಆಗುತ್ತದೆ. ಹಾರಿದ ಜಾಗದಿಂದ ವಾಪಸ್ ಬರಲು ಹೊರಡುವ ಮೊದಲೇ ಕಂಟ್ರೋಲ್+ಸ್ಪೇಸ್ ಒತ್ತಿ ಗುರುತು ಹಾಕಿಕೊಂಡಿರಬೇಕು. ಹೊರಡುವಾಗ ಯಾರಿಗೆ ನೆನಪಿರುತ್ತದೆ?

ತರಲೆ ಸಾಲುಗಳನ್ನು ಸರಿಯಾಗಿ ದಾಟಿತು. } ಅಳಿಸಿದ ಫೈಲಿನಲ್ಲಿ ಚೆಕ್-ಪ್ಯಾರೆನ್ಸ್ ಕಮಾಂಡ್ ಕೊಟ್ಟೆ. ಮುಚ್ಚದೇ ಉಳಿದ { ಮೇಲೆ ಕರ್ಸರ್ ತಂದು ನಿಲ್ಲಿಸಿತು. ಬಣ್ಣ ಅನುಮಾನ ಹುಟ್ಟಿಸಿತ್ತು, ಇದು ಜಾಗವನ್ನೇ ತೋರಿಸಿತು.

ಬೇರೆ ಎಡಿಟರುಗಳಲ್ಲಿ, ಸಬ್ಲೈಮ್ ಟೆಕ್ಸ್ಟ್‌ನ ಕಂಟ್ರೋಲ್+ಎಂ ಒತ್ತಲು ಎಲ್ಲಕ್ಕಿಂತ ಹಗುರ. ಶಿಫ್ಟ್ ಸೇರಿಸಿದರೆ ಬ್ರಾಕೆಟ್ ಒಳಗಿನದೆಲ್ಲ ಸೆಲೆಕ್ಟ್ ಆಗುತ್ತದೆ. ಇಂಟೆಲಿಜೆಯಲ್ಲಿ ಅದೇ ಕಂಟ್ರೋಲ್+ಶಿಫ್ಟ್+ಎಂ ಜೋಡಿಗೆ ಹಾರುವ ಕೀ, ಎರಡನ್ನೂ ಬಳಸುವವರ ಕೈ ಗೊಂದಲವಾಗದೆ ಇರದು. ನೋಟ್‌ಪ್ಯಾಡ್++ನಲ್ಲಿ ಕಂಟ್ರೋಲ್+ಬಿ. ಇವು ಮೂರನ್ನೂ ಒಂದೊಂದು ಸಂಜೆ ಮಾತ್ರ ನೋಡಿದೆ.

ನಾನು ವಿಮ್ ಬಿಡಲಿಲ್ಲ. d% ಒತ್ತಿ ಇಡೀ ಕಂಡೀಷನ್ ಅಳಿಸುವ, ci( ಒತ್ತಿ ಒಳಗಿನದನ್ನು ಹೊಸದಾಗಿ ಬರೆಯುವ ಅಭ್ಯಾಸ ಬೆರಳಿಗೆ ಅಂಟಿಬಿಟ್ಟಿದೆ. ಲಿಸ್ಪ್ ಬರೆಯುವುದಾದರೆ ಈಮ್ಯಾಕ್ಸ್, ಅದರಲ್ಲಿ ಎರಡು ಮಾತಿಲ್ಲ. ಬೇರೆಯವರ ಕೋಡ್ ಓದಲು ಮಾತ್ರ ಈಗ ವಿಎಸ್ ಕೋಡ್ ತೆರೆಯುತ್ತೇನೆ, ಆ ಬಣ್ಣಗಳಿಗಾಗಿ. ಅಲ್ಲಿ 'ಸೆಲೆಕ್ಟ್ ಟು ಬ್ರಾಕೆಟ್' ಅಂತ ಒಂದು ಕಮಾಂಡ್ ಇದೆ, ಅದಕ್ಕೆ ಯಾವ ಕೀಯೂ ಇರಲಿಲ್ಲ. ಕಂಟ್ರೋಲ್+ಆಲ್ಟ್+ಯು ಕೊಟ್ಟುಕೊಂಡೆ. ಈಮ್ಯಾಕ್ಸ್ ಕಲಿಸಿದ್ದು ಅಷ್ಟಾದರೂ ಕೈಯಲ್ಲಿ ಉಳಿಯಲಿ ಅಂತ.