ಕಬ್ಬಿಣ ಅಳೆಯುವ ಫೆರೋಜಿನ್ ಕಿಟ್: ಅಳತೆ ಚೊಕ್ಕ, ಕೈಪಿಡಿ ಅರೆಬರೆ

ಪ್ರೋಟೀನಿನ ಕಬ್ಬಿಣಾಂಶ ಅಳೆದು ಅದರಿಂದ ಅಣುತೂಕ ಲೆಕ್ಕ ಹಾಕಿಸುವ ಪ್ರಾಕ್ಟಿಕಲ್‌ಗೆಂದು ಈ ಕಿಟ್ ತರಿಸಿದೆ. ಮೂರು ಬ್ಯಾಚ್ ಮಕ್ಕಳು ಬಳಸಿಯಾಯಿತು. ಅಳತೆಯ ವಿಷಯದಲ್ಲಿ ಒಂದು ಮಾತೂ ಆಡುವ ಹಾಗಿಲ್ಲ. ಆಸ್ಕಾರ್ಬಿಕ್ ಆಮ್ಲ, ಕಬ್ಬಿಣ ಹಿಡಿದು ಬಣ್ಣ ಕೊಡುವ ಫೆರೋಜಿನ್, ಬಫರ್ ಸೇರುತ್ತಿದ್ದಂತೆ ನಳಿಕೆಯಲ್ಲಿ ನೇರಳೆಗೆಂಪು ಏಳುತ್ತದೆ. 562 ನ್ಯಾನೊಮೀಟರ್ ಬೆಳಕಿನಲ್ಲಿ ಓದಿದರೆ, ಗೊತ್ತಿರುವ ಪ್ರಮಾಣದ ಕಬ್ಬಿಣ ಇಟ್ಟು ಎಳೆಯುವ ಸ್ಟ್ಯಾಂಡರ್ಡ್ ಗೆರೆ ಪ್ರತಿ ಸಲವೂ ನೆಟ್ಟಗೆ ಬಂತು.

ತೊಂದರೆಯೆಲ್ಲ ಕೈಪಿಡಿಯದು. ಅದರಲ್ಲಿ ಹೇಳಿರುವುದು ದುರ್ಬಲ ಆಮ್ಲದ ಹಂತ ಮಾತ್ರ. ಹೀಮ್ ಎಂಬ ಕಬ್ಬಿಣದ ಉಂಗುರ ಹೊತ್ತ ಪ್ರೋಟೀನು ಸೈಟೋಕ್ರೋಮ್ ಸಿ ಇಟ್ಟ ದಿನ ಬಣ್ಣವೇ ಸರಿಯಾಗಿ ಬರಲಿಲ್ಲ. ತನ್ನದೇ ಕೈತಪ್ಪೆಂದು ಒಬ್ಬಳು ಎರಡು ಸಲ ಮತ್ತೆ ಮಾಡಿದಳು. ಪಾಪ, ತಪ್ಪು ಅವಳದಲ್ಲ. ಹೀಮ್ ಉಂಗುರದ ನಡುವೆ ಕೂತ ಕಬ್ಬಿಣ ಅಷ್ಟಕ್ಕೆಲ್ಲ ಬಿಟ್ಟು ಬರುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಸೇರಿಸಿ, ಫ್ಯೂಮ್ ಹುಡ್ ಒಳಗೆ 60 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟ ಮೇಲೆ ಬಣ್ಣ ಕಟ್ಟಿತು. ಕ್ಲೋರಿನ್ ಏಳುತ್ತದೆ, ಹುಡ್ ಇಲ್ಲದೆ ಮಾಡಬೇಡಿ.

ಆದರೂ ಕಬ್ಬಿಣ 0.415 ಶೇಕಡಾ ಬಂದು, ಅಣುತೂಕದ ಲೆಕ್ಕ 13,458ಕ್ಕೆ ನಿಂತಿತು. ಪುಡಿ ತೇವ ಹೀರಿಕೊಂಡಿತ್ತು, ನಾವು ನೀರನ್ನೂ ಪ್ರೋಟೀನೆಂದು ತೂಗಿದ್ದೆವು. ವ್ಯಾಕ್ಯೂಮ್ ಡೆಸಿಕೇಟರ್‌ನಲ್ಲಿ ಒಣಗಿಸಿ ತೂಗಿದಾಗ 0.45 ಶೇಕಡಾ. ಕಬ್ಬಿಣದ ಪರಮಾಣುತೂಕ 55.85ನ್ನು 0.0045ರಿಂದ ಭಾಗಿಸಿದರೆ 12,411. ಕುದುರೆಯ ಸೈಟೋಕ್ರೋಮ್ ಸಿ ನಿಜವಾಗಿ 12,384ರ ಆಸುಪಾಸು. ಐದು ಮಿಲಿಗ್ರಾಂ ಪುಡಿಯಲ್ಲಿರುವ ಇಪ್ಪತ್ತೆರಡು ಮೈಕ್ರೊಗ್ರಾಂ ಕಬ್ಬಿಣ ಹಿಡಿದು ಇಷ್ಟು ಹತ್ತಿರ ಹೋಗಬಹುದೆಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನನಗೆ ನಿಜಕ್ಕೂ ಸಿಟ್ಟು ತರಿಸಿದ್ದು ಕೊನೇ ಪುಟದ ಮಾದರಿ ಲೆಕ್ಕ. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ 0.335 ಶೇಕಡಾ, ಆದ್ದರಿಂದ ಅಣುತೂಕ 16,670 ಎಂದು ಅಚ್ಚು ಹಾಕಿ ಕೈತೊಳೆದುಕೊಂಡಿದ್ದಾರೆ. ಅದು ಒಂದು ಕಬ್ಬಿಣದ ಪರಮಾಣುವಿನ ಪಾಲಿಗೆ ಬರುವ ತೂಕ, ಅಂದರೆ ಕನಿಷ್ಠ ಅಣುತೂಕ. ಅಣುವೊಂದರಲ್ಲಿ ಕಬ್ಬಿಣ ಎಷ್ಟಿದೆ ಎಂಬುದನ್ನು ಈ ಭಾಗಾಕಾರ ಹೇಳಲಾರದು. ಅದಕ್ಕೆ ಬೇರೆ ಅಳತೆಯೇ ಬೇಕು. 1925ರಲ್ಲಿ ವಿಜ್ಞಾನಿ ಅಡೇರ್ ಆಸ್ಮೋಟಿಕ್ ಒತ್ತಡ ಅಳೆದು, ಹಿಮೋಗ್ಲೋಬಿನ್ ಅದರ ನಾಲ್ಕು ಪಟ್ಟು ಎಂದು ತೋರಿಸಿದರು. ಸೈಟೋಕ್ರೋಮ್ ಸಿಯಲ್ಲಿ ಒಂದೇ ಕಬ್ಬಿಣ ಇರುವುದರಿಂದ ನಮ್ಮ ಉತ್ತರ ಸರಿಹೋಯಿತು, ಅಷ್ಟೇ.

ಮುಂದಿನ ವರ್ಷಕ್ಕೂ ಇದನ್ನೇ ತರಿಸುತ್ತೇನೆ. ಕೈಪಿಡಿಯ ಎಲ್ಲ ಪ್ರತಿಗಳಲ್ಲೂ 16,670ರ ಮುಂದೆ ‘ಒಂದು ಕಬ್ಬಿಣಕ್ಕೆ’ ಎಂದು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.